ಮಂತ್ರಿಗಳು ಹೊಗಳಿದ ನೀರು

ಟೋಕಿಯೋ ಹತ್ತಿರದ ಕಾಶಿವಾ ಊರಿನ ಚಳಿಯಲ್ಲಿ ದೋಸೆ ಹಿಟ್ಟು ಹುಳಿ ಬರಿಸುವುದು ಸುಲಭದ ಮಾತಲ್ಲ. ಕೊತಾತ್ಸು ಎಂದು ಇಲ್ಲೊಂದು ಗಿಡ್ಡ ಮೇಜಿದೆ. ಕೆಳಗೆ ಹೀಟರ್, ಮೇಲಿಂದ ನೆಲದವರೆಗೆ ರಜಾಯಿ. ಜಪಾನಿನವರು ಅದರೊಳಗೆ ಕಾಲು ಚಾಚಿಕೊಂಡು ಕಿತ್ತಳೆ ಹಣ್ಣು ಸುಲಿದು ತಿನ್ನುತ್ತಾರೆ. ನಮ್ಮ ಮನೆಯಲ್ಲಿ ಮೊದಲು ಹಿಟ್ಟಿನ ಪಾತ್ರೆಗೆ ಜಾಗ, ಉಳಿದರೆ ನಮ್ಮ ಕಾಲಿಗೆ. ಮೊನ್ನೆ ಬೆಳಿಗ್ಗೆ ರಜಾಯಿ ಸರಿಸಿ ಮುಚ್ಚಳ ತೆಗೆದೆ. ಹಿಟ್ಟು ಚೆನ್ನಾಗಿ ಉಬ್ಬಿ ಸಣ್ಣ ಸಣ್ಣ ಗುಳ್ಳೆ ಒಡೆಯುತ್ತಿತ್ತು. ಆ ಬೆಚ್ಚಗಿನ ಹುಳಿ ವಾಸನೆ ಮುಖಕ್ಕೆ ಬಡಿದದ್ದೇ ತಡ, ಕೈಯಲ್ಲಿ ಸೌಟು ಹಿಡಿದುಕೊಂಡೇ ನೆಲದ ಮೇಲೆ ಕುಳಿತುಬಿಟ್ಟೆ. ನೆಗಿಶಿ ಸಾನ್, ಅಂದರೆ ನೆಗಿಶಿಯವರ ಮನೆಯಲ್ಲಿ, ಅಕ್ಕಿಯಿಂದ ಸಾಕೆ ಮದ್ಯ ತಯಾರಿಸುತ್ತಿದ್ದ ಉಗ್ರಾಣದಲ್ಲೂ ಇದೇ ವಾಸನೆಯಿತ್ತು. ಅಲ್ಲಿ ಈಗ ಅದಿಲ್ಲ.

ಕೊರೋನಾದ ಮೊದಲ ವರ್ಷ ಅದು. ನಾನು ಆಗ ಒಬ್ಬ ಹಣಕಾಸು ಮಂತ್ರಿಯ ಹಿಂದೆ ಬಿದ್ದಿದ್ದೆ. ಹತ್ತೊಂಬತ್ತನೆಯ ಶತಮಾನದವರು, ತೀರಿಕೊಂಡು ನೂರು ವರ್ಷ ದಾಟಿದೆ, ಗಂಡ ಹೊಟ್ಟೆಕಿಚ್ಚು ಪಡುವ ಪ್ರಶ್ನೆ ಇರಲಿಲ್ಲ. ನನ್ನ ಪಿಎಚ್.ಡಿ.ಯ ವಿಷಯವೇ ಅವರ ವೃತ್ತಿಜೀವನ. ಬಡ ಸಮುರಾಯ್ ಮನೆಯಲ್ಲಿ ಹುಟ್ಟಿ, ಕತ್ತಿಗಿಂತ ಲೆಕ್ಕದ ಮಣಿಚೌಕಟ್ಟಿನ ಮೇಲೆ ಹೆಚ್ಚು ಚುರುಕಾಗಿ ಕೈಯಾಡಿಸುತ್ತಿದ್ದವರು, ಹೊಸ ಸರಕಾರದ ಖಜಾನೆಗೆ ಗುಮಾಸ್ತರಾಗಿ ಸೇರಿ ಮಂತ್ರಿಯ ಕುರ್ಚಿಯವರೆಗೆ ಏರಿದರು. ಅವರು ಕುರ್ಚಿಯಲ್ಲಿ ಕುಳಿತಾಗ ಖಜಾನೆ ಬರಿದಾಗಿತ್ತು. ರೈಲು ಬೇಕು, ಹಡಗು ಬೇಕು, ಶಾಲೆ ಬೇಕು ಎಂದು ಎಲ್ಲರೂ ಕೈ ಚಾಚುತ್ತಿದ್ದರು. ಅವರು ಸಾಕೆಯ ಮೇಲೆ ತೆರಿಗೆ ಏರಿಸಿದರು, ಮತ್ತೆ ಏರಿಸಿದರು. ಮನೆಮನೆಯಲ್ಲಿ ಸ್ವಂತಕ್ಕೆ ಮಾಡಿಕೊಳ್ಳುತ್ತಿದ್ದದ್ದು ನಿಂತಿತು, ಸಣ್ಣ ತಯಾರಕರು ಒಬ್ಬೊಬ್ಬರಾಗಿ ಮುಚ್ಚಿಕೊಂಡರು, ಖಜಾನೆ ತುಂಬಿತು. ಜನ ಅವರನ್ನು ಶಪಿಸಿದರು. ನನಗೆ ಮಾತ್ರ ಅವರ ಮೇಲೆ ಅಪಾರ ಅಭಿಮಾನ. ದಾವಣಗೆರೆಯಿಂದ ಬಂದ ಹುಡುಗಿಯೊಬ್ಬಳು ಜಪಾನಿನ ಖಜಾನೆಯ ಪರವಾಗಿ ಯಾರ ಜೊತೆ ಬೇಕಾದರೂ ಜಗಳಕ್ಕೆ ನಿಲ್ಲುತ್ತಿದ್ದಳು.

ಆ ವಸಂತದಲ್ಲಿ ಗ್ರಂಥಾಲಯಗಳು ಮುಚ್ಚಿದವು. ನನ್ನ ಗಂಡ ಹರೀಶ ಕ್ಯಾಂಪಸ್ಸಿನ ಲ್ಯಾಬಿನಲ್ಲಿ ಬ್ಯಾಟರಿಗಳ ಮೇಲೆ ಸಂಶೋಧನೆ ಮಾಡುವವನು. ಅವನಿಗೂ ಸರದಿಯ ಪ್ರಕಾರ ಮಾತ್ರ ಪ್ರವೇಶ. ಇಬ್ಬರೂ ಒಂದೇ ಕೋಣೆಯಲ್ಲಿ, ಒಂದೇ ಮೇಜಿನ ಎರಡು ಬದಿಯಲ್ಲಿ.

"ಏನೇ, ನಿಮ್ಮ ಮಿನಿಸ್ಟರ್ ಇವತ್ತಾದ್ರೂ ಬಜೆಟ್ ಪಾಸ್ ಮಾಡಿದ್ರಾ?" ಎಂದು ಹರೀಶ ದಿನಾ ಕೇಳುತ್ತಿದ್ದ.

"ಫೈಲ್ಸ್ ಎಲ್ಲಾ ಲೈಬ್ರರಿಲಿ ಲಾಕ್ ಆಗಿದೆ ಕಣೋ. ಅವ್ರೂ ಕ್ವಾರಂಟೈನಲ್ಲಿದಾರೆ."

ತಮಾಷೆ ಮಾಡಿದರೂ ಒಳಗೊಳಗೇ ಅಳು ಬರುತ್ತಿತ್ತು. ಶರತ್ಕಾಲದಲ್ಲಿ ನನ್ನ ಪ್ರೊಫೆಸರ್ ಒಂದು ದಾರಿ ತೋರಿಸಿದರು. ತೋನೆ ನದಿಯ ಆಚೆಯ ಒಂದು ಹಳ್ಳಿಯಲ್ಲಿ ನೆಗಿಶಿ ಎಂಬ ಹಳೆಯ ಸಾಕೆ ಮನೆತನವಿದೆ, ಮಂತ್ರಿಗಳು ಒಮ್ಮೆ ಅಲ್ಲಿ ತಂಗಿದ್ದರಂತೆ, ಅವರ ಕೈಬರಹದ ಫಲಕ ಇನ್ನೂ ಗೋಡೆಯ ಮೇಲಿದೆಯಂತೆ, ಹೋಗಿ ನೋಡಿ ಬಾ ಎಂದರು.

ಹೊರಟೆ. ರೈಲು, ಆಮೇಲೆ ಬಸ್ಸು. ಇಳಿದ ಮೇಲೆ ತಿನ್ನಲು ಏನೂ ಸಿಗಲಿಕ್ಕಿಲ್ಲ, ಹಗಲೂ ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿಯೂ ಇರಲಿಕ್ಕಿಲ್ಲ ಎಂದು ಡಬ್ಬಿಗೆ ಮೊಸರನ್ನ ಕಲಸಿಕೊಂಡಿದ್ದೆ. ಮೊಸರು ಮನೆಯಲ್ಲೇ ಹೆಪ್ಪು ಹಾಕಿದ್ದು. ಒಗ್ಗರಣೆಗೆ ಸಾಸಿವೆ, ಶುಂಠಿ. ಹಳೆಯ ಮನೆಯ ಸೂರಿನಡಿ ಸುಗಿ ಎಂಬ ದೇವದಾರಿನಂಥ ಮರದ ಎಲೆಗಳನ್ನು ಒತ್ತಿ ಕಟ್ಟಿದ ದೊಡ್ಡ ಚೆಂಡೊಂದು ತೂಗುತ್ತಿತ್ತು. ಹೊಸ ಸಾಕೆ ಹಿಂಡಿದ ದಿನ ಹಸಿರು ಚೆಂಡು ಕಟ್ಟುತ್ತಾರೆ, ವರ್ಷವಿಡೀ ಅದು ಒಣಗಿ ಕಂದಾಗುತ್ತದೆ. ನಾನು ಹೋದಾಗ ಕಂದು ಬಣ್ಣಕ್ಕೆ ತಿರುಗಿತ್ತು.

ನೆಗಿಶಿ ಸಾನ್ ಗೇಟಿನಲ್ಲೇ ನಿಂತಿದ್ದರು. ಎಪ್ಪತ್ತರ ಆಸುಪಾಸಿನ ಹೆಂಗಸು, ಬಿಳಿ ಏಪ್ರನ್, ಬಿಳಿ ಮಾಸ್ಕು. ಆ ಮನೆತನದ ಮಗಳು. ಗಂಡ ಹೋದ ಮೇಲೆ ಯಜಮಾನಿಕೆ ಇವರದೇ. ನಮಸ್ಕಾರ ಮುಗಿದೊಡನೆ ಕೇಳಿದ್ದು, "ಇವತ್ತು ಬೆಳಿಗ್ಗೆ ನಾತ್ತೋ ತಿಂದಿದೀರಾ?"

ನಾತ್ತೋ ಎಂದರೆ ಕೊಳೆಯಿಸಿದಂತೆ ಹುದುಗಿಸಿದ, ನೂಲು ನೂಲು ಬರುವ ಸೋಯಾ ಕಾಳು. ಅದರ ವಾಸನೆಗೇ ನಾನು ಮಾರು ದೂರ ಓಡುವವಳು. "ಅಯ್ಯೋ, ಜನ್ಮದಲ್ಲಿ ತಿಂದಿಲ್ಲ" ಎಂದು ಹೆಮ್ಮೆಯಿಂದ ಹೇಳಿದೆ. ಅವರ ಕಣ್ಣು ನಕ್ಕಿತು. ಆ ನಗುವಿನ ಧೈರ್ಯದಲ್ಲಿ, ಊಟಕ್ಕೆ ನಿಮಗೆ ತೊಂದರೆ ಕೊಡುವುದಿಲ್ಲ, ನಾನೇ ತಂದಿದ್ದೇನೆ ಎಂದು ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ ತೋರಿಸಿದೆ.

"ಈ ಬಿಳಿಯದು ಏನು?"

"ಮೊಸರು. ಯೋಗರ್ಟ್. ಮನೆಯಲ್ಲೇ ಮಾಡಿದ್ದು."

ನೆಗಿಶಿ ಸಾನ್ ಹಾವು ಕಂಡವರಂತೆ ಹಿಂದೆ ಸರಿದರು. "ಸುಮಿಮಾಸೆನ್, ಕ್ಷಮಿಸಿ. ಸುಮಾ ಸಾನ್, ದಯವಿಟ್ಟು ಮುಚ್ಚಿ. ಅದು ಒಳಗೆ ಬರೋ ಹಾಗಿಲ್ಲ."

ಹೊಸ ಅಕ್ಕಿ ಮನೆಗೆ ಬಂದ ದಿನದಿಂದ ಸಾಕೆ ಹಿಂಡಿ ಮುಗಿಯುವವರೆಗೆ ಆ ಮನೆಯವರು ನಾತ್ತೋ ಮುಟ್ಟುವುದಿಲ್ಲ, ಮೊಸರು ಮುಟ್ಟುವುದಿಲ್ಲ. ಅನ್ನದ ಮೇಲೆ ಬೆಳೆಸುವ ಒಳ್ಳೆಯ ಬೂಷ್ಟಿಗೂ ತೊಟ್ಟಿಯೊಳಗಿನ ಹುದುಗಿಗೂ ಹೊರಗಿನ ಹುಳಿ ತಗುಲಿದರೆ ವರ್ಷದ ಬೆಳೆ ಕೆಟ್ಟಂತೆ. ಗೇಟಿನ ಹೊರಗೊಂದು ಪರ್ಸಿಮನ್ ಹಣ್ಣಿನ ಮರವಿತ್ತು. ಅದರ ಕೊಂಬೆಗೆ ನನ್ನ ಡಬ್ಬಿಯ ಚೀಲ ತೂಗುಹಾಕಿಸಿದರು. ಬೀದಿ ನಲ್ಲಿಯಲ್ಲಿ ಮೊಣಕೈವರೆಗೆ ತೊಳೆಸಿದರು. ಅಷ್ಟಾದರೂ ಆ ದಿನ ಮುಂಗೋಣೆಯವರೆಗೆ ಮಾತ್ರ ಪ್ರವೇಶ. ನಮ್ಮಜ್ಜಿಯ ಮಡಿಯನ್ನು ಆಡಿಕೊಂಡು ಬೆಳೆದವಳು ನಾನು. ಜಪಾನಿನ ಹೆಂಡದ ಮನೆಯಲ್ಲಿ ಮೈಲಿಗೆಯಾಗಿ ನಿಂತದ್ದನ್ನು ಅಜ್ಜಿ ನೋಡಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು.

ಮುಂಗೋಣೆಯ ಗೋಡೆಯ ಮೇಲೆ ನನ್ನ ಮಂತ್ರಿಗಳಿದ್ದರು. ಎರಡೇ ಚಿತ್ರಾಕ್ಷರ, ದಪ್ಪ ಕುಂಚದಲ್ಲಿ ಬರೆದದ್ದು. ಅರ್ಥ, ತಿಳಿನೀರು. ಅಷ್ಟು ವರ್ಷ ಅಚ್ಚಾದ ವರದಿಗಳಲ್ಲಿ ಕಂಡವರ ಕೈಬರಹ ಕಣ್ಣೆದುರು ಇದ್ದಾಗ ಹತ್ತಿರ ಹೋಗಿ ಕುಂಚದ ಗೆರೆಗಳನ್ನು ಒಂದೊಂದಾಗಿ ನೋಡಿದೆ.

"ಡೈಜಿನ್ ಸಾನ್ ನದಿಯ ಪ್ರವಾಹ ನೋಡೋಕೆ ಬಂದು ಒಂದು ದಿನ ಇಲ್ಲಿ ಉಳಕೊಂಡಿದ್ರು" ಎಂದರು ನೆಗಿಶಿ ಸಾನ್. ಡೈಜಿನ್ ಎಂದರೆ ಮಂತ್ರಿ. ಆ ಮನೆಯಲ್ಲಿ ಅವರ ಹೆಸರು ಹೇಳುವ ರೂಢಿಯೇ ಇರಲಿಲ್ಲ. "ನಮ್ಮ ಮುತ್ತಜ್ಜ ಒಳ್ಳೇ ಸಾಕೆ ಬಡಿಸಿದ್ರು. ಅವರು ಕುಡಿದರು, ಏನೂ ಹೇಳಲಿಲ್ಲ. ಬೆಳಿಗ್ಗೆ ಬಾವಿ ನೀರು ಕುಡಿದು, ಕುಂಚ ತರಿಸಿ ಇದನ್ನ ಬರೆದುಕೊಟ್ಟರು. ತೆರಿಗೆ ಹಾಕೋಕೆ ಆಗದೇ ಇರೋದನ್ನ ಮಾತ್ರ ಹೊಗಳಿ ಹೋದ್ರು ಅಂತ ಮುತ್ತಜ್ಜ ಹೇಳ್ತಿದ್ರಂತೆ."

ಮಂತ್ರಿಯ ಬರಹವನ್ನು ಎಸೆಯುವ ಹಾಗಿಲ್ಲ, ಪೂಜಿಸುವ ಮನಸ್ಸೂ ಇಲ್ಲ. ಮುತ್ತಜ್ಜ ಅದನ್ನು ತೆರಿಗೆಯ ಅಧಿಕಾರಿ ಬಂದಾಗ ಕುಳಿತುಕೊಳ್ಳುವ ಜಾಗದ ನೇರ ಮೇಲೆ ತೂಗುಹಾಕಿಸಿದರು. ತೊಟ್ಟಿ ಅಳೆಯಲು ಬಂದವನು ಮೊದಲು ತಲೆಯೆತ್ತಿ ತನ್ನ ದೊಡ್ಡ ಯಜಮಾನನಿಗೆ ಬಗ್ಗಿ ನಮಸ್ಕರಿಸಬೇಕು, ಆಮೇಲೆ ಅಳತೆಕೋಲು. ಆ ಬೀದಿಯಲ್ಲಿ ಸಾಲಾಗಿದ್ದ ಸಾಕೆ ಮನೆಗಳೆಲ್ಲ ಆ ತೆರಿಗೆಗೆ ಮುಚ್ಚಿಹೋದವು. ಇದೊಂದು, ಹಿಂದಿದ್ದ ಕಾಡನ್ನು ಮಾರಿ ಉಳಿದುಕೊಂಡಿತು. "ಡೈಜಿನ್ ಸಾನ್‌ಗೇ ಬಗ್ಗದ ಮನೆ. ನನ್ನ ಕೈಯಲ್ಲಿ ಮುಚ್ಚಬಾರದು. ಅಷ್ಟೇ ನನಗಿರೋ ಆಸೆ" ಎಂದರು. ಹೇಳುವಾಗ ಅವರ ದನಿ ಸಹಜವಾಗಿತ್ತು, ಆದರೆ ಏಪ್ರನ್ನಿನ ಅಂಚನ್ನು ಕೈ ಮುದುರುತ್ತಿತ್ತು.

ಆಮೇಲೆ ವಾರಕ್ಕೊಮ್ಮೆ ಹೋಗತೊಡಗಿದೆ. ಪ್ರತಿ ಸಲ ಹೋಗುವ ಹಿಂದಿನ ದಿನದಿಂದ ಮೊಸರು ಬಿಡುತ್ತಿದ್ದೆ. ಮೊಸರಿಲ್ಲದೆ ಊಟ ಮುಗಿಸುವುದು ನನಗೆ ಎಂಥ ಶಿಕ್ಷೆ ಎಂದು ಹರೀಶನಿಗೆ ಗೊತ್ತು. ಅವನು ಎದುರಿಗೇ ಕುಳಿತು ಮಜ್ಜಿಗೆ ಸುರಿದುಕೊಳ್ಳುತ್ತಿದ್ದ. ಆದರೂ ಡಬ್ಬಿಯನ್ನು ಒಳಗೆ ಒಯ್ಯಲು ಧೈರ್ಯವಾಗದೆ ಪರ್ಸಿಮನ್ ಕೊಂಬೆಗೇ ತೂಗುಹಾಕುತ್ತಿದ್ದೆ. ಚಿತ್ರಾನ್ನಕ್ಕೂ ಅದೇ ಜಾಗ. ಮರದ ಕೆಳಗಿನ ಕಲ್ಲಿನ ಮೇಲೆ ಕುಳಿತು ತಿನ್ನುವಾಗ ದಾರಿಹೋಕರು ಕನಿಕರದಿಂದ ನೋಡುತ್ತಿದ್ದರು.

ಪ್ರತಿ ಚಳಿಗಾಲ ಉತ್ತರದ ಹಿಮದ ನಾಡಿನಿಂದ ಕುದೋ ಸಾನ್ ಎಂಬ ಹಿರಿಯರು ಬಂದು, ವಸಂತದವರೆಗೆ ಅಲ್ಲೇ ಉಳಿದು ಸಾಕೆ ಮಾಡಿಸುತ್ತಿದ್ದರು. ತೋಜಿ ಎನ್ನುತ್ತಾರೆ, ತಯಾರಿಕೆಯ ಗುರು. ನೆಗಿಶಿ ಸಾನ್ ಮದುವೆಯಾದಾಗಿನಿಂದ ಬರುತ್ತಿದ್ದವರು. ಆ ವರ್ಷ ಅವರು ಬರಲಿಲ್ಲ. ಅವರ ಮಗಳು ಊರಿನ ವೃದ್ಧಾಶ್ರಮದಲ್ಲಿ ಕೆಲಸಕ್ಕಿದ್ದಳು. ಮನೆಯವರು ಯಾರಾದರೂ ಟೋಕಿಯೋ ಕಡೆಗೆ ಹೋಗಿಬಂದರೆ ಅವಳು ಕೆಲಸಕ್ಕೆ ಬರುವಂತಿಲ್ಲ ಎಂದು ಅಲ್ಲಿ ಹೇಳಿದ್ದರು. ಆ ಫೋನು ಬಂದಾಗ ನಾನು ಮುಂಗೋಣೆಯಲ್ಲೇ ಇದ್ದೆ. ನೆಗಿಶಿ ಸಾನ್ ಗೋಡೆಗೆ ಮುಖ ಮಾಡಿ ನಿಂತು, ಕಾಣದ ಮನುಷ್ಯನಿಗೆ ಮತ್ತೆ ಮತ್ತೆ ಬಗ್ಗಿ ನಮಸ್ಕರಿಸುತ್ತಿದ್ದರು. "ಇಲ್ಲ, ಇಲ್ಲ, ನಿಮ್ಮ ಮಗಳು ಹೇಳೋದೇ ಸರಿ. ಬರಬೇಡಿ. ಬರಲೇಬೇಡಿ" ಎನ್ನುತ್ತಿದ್ದರು.

ಕೊನೆಗೆ ಊರಿನ ಇಬ್ಬರು ಹಳೆಯ ಕೆಲಸಗಾರರನ್ನು ಇಟ್ಟುಕೊಂಡು ಒಂದೇ ಒಂದು ತೊಟ್ಟಿ ಮಾಡುವುದೆಂದಾಯಿತು. ಕುದೋ ಸಾನ್ ದೂರದಿಂದಲೇ ಹೇಳಿಕೊಡಬೇಕು. ಹರೀಶನನ್ನು ಕರೆದುಕೊಂಡು ಹೋದೆ, ಅವನಿಗೂ ನಾತ್ತೋ ಮೊಸರಿನ ಪ್ರಶ್ನೆ ಕೇಳಿಯೇ ಒಳಗೆ ಬಿಟ್ಟರು. ಅಷ್ಟು ಹೊತ್ತಿಗೆ ನನ್ನನ್ನೂ ಉಗ್ರಾಣದೊಳಗೆ ಬಿಡುತ್ತಿದ್ದರು. ಹರೀಶ ತೊಟ್ಟಿಯ ಮೇಲೆ ಕ್ಯಾಮೆರಾ ಕಟ್ಟಿ, ಲೈಟು ಹಾಕಿ, ವೀಡಿಯೋ ಕಾಲ್ ಜೋಡಿಸಿದ. ಬಿಳಿ ನೊರೆ ಸ್ಪಷ್ಟವಾಗಿ ಕಾಣುತ್ತಿತ್ತು. ಕುದೋ ಸಾನ್ ಮಾತ್ರ, "ಚಿತ್ರ ಆರಿಸಿ. ಬರೀ ಫೋನ್ ಸಾಕು, ತೊಟ್ಟಿಯ ಬಾಯಿಗೆ ಹಿಡೀರಿ" ಎಂದರು.

ನೆಗಿಶಿ ಸಾನ್ ಏಣಿ ಹತ್ತಿ ಫೋನನ್ನು ತೊಟ್ಟಿಯೊಳಗೆ ಚಾಚಿದರು. ಎಲ್ಲರೂ ಉಸಿರು ಬಿಗಿಹಿಡಿದೆವು. ಒಳಗೆ ಗುಳ್ಳೆ ಒಡೆಯುವ ಸದ್ದು, ಹಂಚಿನ ಮೇಲೆ ತುಂತುರು ಮಳೆ ಬಿದ್ದಂತೆ. "ಇನ್ನೂ ಎಳೇದು. ಆದರೆ ಆರೋಗ್ಯವಾಗಿದೆ. ಕಿಟಕಿ ಮುಚ್ಚಬೇಡಿ" ಎಂದಿತು ಆಚೆಯ ದನಿ. ನೆಗಿಶಿ ಸಾನ್ ಏಣಿಯ ಮೇಲಿಂದಲೇ ನಮ್ಮತ್ತ ನೋಡಿ ತಲೆಯಾಡಿಸಿದರು. ಹರೀಶ ನನ್ನ ಕಿವಿಯಲ್ಲಿ, "ಏನ್ ಗುರು ಇವ್ರು, ನಾವು ಲ್ಯಾಬಲ್ಲಿ ಅಷ್ಟೊಂದು ಸೆನ್ಸರ್ ಇಟ್ಕೊಂಡಿದೀವಿ" ಎಂದ. ಆ ಚಳಿಗಾಲದಲ್ಲಿ ನಾನು ಕಂಡ ಅತ್ಯಂತ ಸಂತೋಷದ ದಿನ ಅದು.

ಅನ್ನ ಹರಡುವ ಬಟ್ಟೆ ಹಿಂಡುತ್ತಾ, ಮರದ ಸೌಟು ತೊಳೆಯುತ್ತಾ ನೆಗಿಶಿ ಸಾನ್ ಮಂತ್ರಿಗಳ ಕತೆ ಕೇಳುತ್ತಿದ್ದರು. ಅವರಿಗೆ ಗೊತ್ತಿದ್ದದ್ದು ಒಂದು ದಿನದ ಅತಿಥಿ; ನನಗೆ ಗೊತ್ತಿದ್ದದ್ದು ಉಳಿದ ಬದುಕು. ಸಹೋದ್ಯೋಗಿಗಳೇ ಅವರನ್ನು ಕೆಳಗಿಳಿಸಿದ್ದು, ಖಜಾನೆ ಮತ್ತೆ ಬರಿದಾದಾಗ ಕೈಮುಗಿದು ಕರೆತಂದದ್ದು, ಮತ್ತೆ ಇಳಿಸಿದ್ದು. ಕೊನೆಗಾಲದಲ್ಲಿ ಸಮುದ್ರದ ದಂಡೆಯ ಮನೆಯಲ್ಲಿ ಕುಳಿತು, ಯಾರಾದರೂ ಸಲಹೆ ಕೇಳಲು ಬಂದಾರೆಂದು ದಿನಾ ಬೆಳಿಗ್ಗೆ ಪೂರ್ತಿ ಉಡುಪು ತೊಟ್ಟು ಕಾಯುತ್ತಿದ್ದದ್ದು. ಯಾರೂ ಬರುತ್ತಿರಲಿಲ್ಲ.

"ಪಾಪ" ಎಂದರು ನೆಗಿಶಿ ಸಾನ್. ಆ ಮನೆತನದವರ ಬಾಯಲ್ಲಿ ಆ ಮಂತ್ರಿಗಳಿಗೆ ಬಂದ ಮೊದಲ ಪಾಪ ಅದಿರಬೇಕು. ಆಮೇಲೆ ಕೇಳಿದರು, "ಎಷ್ಟೋ ಮನೆ ಮುಚ್ಚಿಹೋದ್ವಲ್ಲ, ಅದು ಅವರಿಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನೀವು ಅದನ್ನ ಏನಂತ ಬರೆದಿದೀರಿ?"

ನನ್ನ ಫೋನಿನಲ್ಲಿ ಪ್ರಬಂಧದ ಆ ಅಧ್ಯಾಯವಿತ್ತು. ಅವರು ಬಟ್ಟೆ ಹಿಂಡುವುದನ್ನು ನಿಲ್ಲಿಸಿ ನಿಂತರು. ಓದಿದೆ: ದೇಶದ ಹಣಕಾಸು ನೆಲೆಗೊಳ್ಳಲು ಸಣ್ಣ ತಯಾರಕರ ಕಣ್ಮರೆ ಅನಿವಾರ್ಯವಾಗಿತ್ತು. ಬರೆಯುವಾಗ ಎಷ್ಟು ಗಟ್ಟಿಯಾಗಿ ಕಂಡಿದ್ದ ವಾಕ್ಯ, ಆ ಉಗ್ರಾಣದಲ್ಲಿ ಓದುವಾಗ ನನ್ನ ನಾಲಿಗೆಗೇ ಕಹಿಯಾಯಿತು. ಅವರು ಕೋಪಿಸಿಕೊಳ್ಳುತ್ತಾರೆ ಎಂದುಕೊಂಡೆ. ಅವರು ಯೋಚಿಸಿ, "ಹೌದು, ಸರಿಯಾಗಿ ಬರೆದಿದೀರಿ. ಅನಿವಾರ್ಯ" ಎಂದು ಮತ್ತೆ ಬಟ್ಟೆ ಹಿಂಡಿದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಸಾಕೆ ಹಿಂಡಿದ ದಿನ ಹೊಸ ಸುಗಿ ಎಲೆ ತಂದು ಹಸಿರು ಚೆಂಡು ಕಟ್ಟಿದರು. ನಾನು ಕುಡಿಯುವವಳಲ್ಲ, ಅಂದು ಮಾತ್ರ ಒಂದು ಗುಟುಕು ಬಾಯಿಗೆ ಹಾಕಿಕೊಂಡೆ. ಕಣ್ಣಲ್ಲಿ ನೀರು ಬಂತು, ಎಲ್ಲರೂ ನಕ್ಕರು. ಕುದೋ ಸಾನ್‌ಗೆ ಪಾರ್ಸೆಲ್ ಹೋಯಿತು. ಅವರು ಫೋನು ಮಾಡಿ, ನಾನಿಲ್ಲದೇ ಇಷ್ಟು ಚೆನ್ನಾಗಿ ಆಗಬಾರದಿತ್ತು ಎಂದು ಗೊಣಗಿದರಂತೆ. ನೆಗಿಶಿ ಸಾನ್ ಅದನ್ನು ನನಗೆ ಎರಡೆರಡು ಸಲ ಹೇಳಿದರು.

ಆದರೆ ಕುಡಿಯುವವರು ಎಲ್ಲಿದ್ದರು? ಟೋಕಿಯೋದ ಸಣ್ಣ ಸಣ್ಣ ಊಟದ ಮನೆಗಳೇ ಅವರ ಗಿರಾಕಿಗಳು. ಚಳಿಗಾಲದಲ್ಲಿ ಅವು ಸಂಜೆಗೇ ಬಾಗಿಲು ಹಾಕಿದವು. ವಸಂತದಲ್ಲಿ, ಊಟ ಕೊಡಿ ಆದರೆ ಮದ್ಯ ಬಡಿಸಬೇಡಿ ಎಂದು ಸರಕಾರ ಕೇಳಿಕೊಂಡಿತು. ಕಳಿಸಿದ ಬಾಟಲಿಗಳು ಕ್ಷಮಾಪಣೆಯ ಚೀಟಿಯೊಂದಿಗೆ ಹಿಂದೆ ಬಂದವು. ವರ್ಷಕ್ಕೆ ಇಂತಿಷ್ಟಾದರೂ ತಯಾರಿಸುತ್ತಿದ್ದರೆ ಮಾತ್ರ ಲೈಸೆನ್ಸು ಎಂಬ ನಿಯಮ ಬೇರೆ. ಆ ಯೋಚನೆಯ ಬೇರು ಎಲ್ಲಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅದು ಮೊಳೆತದ್ದು ನನ್ನ ಮಂತ್ರಿಗಳ ತಲೆಯಲ್ಲಿ; ಅದೇ ಅಧ್ಯಾಯದಲ್ಲಿ ಅದನ್ನು ಹೊಗಳಿ ಬರೆದಿದ್ದೆ. ಎರಡನೆಯ ವರ್ಷವೂ ಬರುವುದು ಅನುಮಾನ ಎಂದು ಕುದೋ ಸಾನ್ ಹೇಳಿದರು. ಮೊಣಕಾಲು ನೋವು ಅಂದರಂತೆ. ನೆಗಿಶಿ ಸಾನ್ ಯಾರನ್ನೂ ಕೇಳದೆ ತೀರ್ಮಾನಿಸಿದರು. ಲೈಸೆನ್ಸು ಹಿಂದಿರುಗಿಸುವುದು.

ಉಳಿದ ದಾಸ್ತಾನು ನೋಡಿ ಹೋಗಲು ತೆರಿಗೆ ಕಚೇರಿಯಿಂದ ಒಬ್ಬ ತರುಣ ಬಂದ ದಿನ, ನೀವೂ ಬನ್ನಿ ಎಂದು ನನ್ನನ್ನು ಕರೆದಿದ್ದರು. ಅವನು ಬಹಳ ವಿನಯದವನು. ಹೆಜ್ಜೆಗೊಮ್ಮೆ ಸುಮಿಮಾಸೆನ್ ಎನ್ನುತ್ತಿದ್ದ. ಎಲ್ಲ ಮುಗಿದ ಮೇಲೆ ನೆಗಿಶಿ ಸಾನ್ ಅವನನ್ನು ಆ ಹಳೆಯ ಜಾಗದಲ್ಲೇ ಕೂರಿಸಿ ಚಹಾ ಕೊಟ್ಟರು, ತಲೆಯೆತ್ತಿ ನೋಡಿ ಎಂದರು. ಅವನು ಎದ್ದು ನಿಂತು ಎರಡಕ್ಷರ ಓದಿ, ಯಾರದೆಂದು ಕೇಳಿ ತಿಳಿದು, ನಡು ಬಗ್ಗಿಸಿ ನಮಸ್ಕರಿಸಿದ.

"ನಮ್ಮ ಮನೇಲಿ ನಿಮ್ಮವರು ಮಾಡಬೇಕಾಗಿದ್ದ ಕೊನೇ ಕೆಲಸ ಅದು" ಎಂದರು ನೆಗಿಶಿ ಸಾನ್. "ಮುಗೀತು. ಅರಿಗಾತೋ, ಧನ್ಯವಾದ." ಅವನು ಹೋದ ಮೇಲೆ ಚಹಾದ ಲೋಟ ಎತ್ತಿಕೊಂಡು ಒಳಗೆ ಹೋದವರು ಬೇಗ ಬರಲಿಲ್ಲ. ನಾನು ಮಂತ್ರಿಗಳ ಬರಹದ ಕೆಳಗೆ ಕುಳಿತಿದ್ದೆ. ಅಷ್ಟು ವರ್ಷ ಪ್ರೀತಿಸಿದ ಮನುಷ್ಯನ ಮೇಲೆ ನನಗೆ ಮೊದಲ ಬಾರಿ ಸಿಟ್ಟು ಬಂತು. ಸಾಕೆ ಚೆನ್ನಾಗಿದೆ ಎಂದು ಒಂದು ಮಾತು ಬರೆದಿದ್ದರೆ ಆ ಮಂತ್ರಿಗಳ ಗಂಟೇನು ಹೋಗುತ್ತಿತ್ತು?

ಮಳೆಗಾಲದಲ್ಲಿ ಅವರ ಫೋನು ಬಂತು. ಕೆಲಸದ ಮಾತು ಏನೂ ಇರಲಿಲ್ಲ.

"ಸುಮಾ ಸಾನ್, ಭಾನುವಾರ ಬರ್ತೀರಾ? ಬರುವಾಗ ಆ ಬಿಳಿ ಅನ್ನ ತನ್ನಿ. ಮೊದಲನೇ ದಿನ ತಂದಿದ್ರಲ್ಲ, ಅದು."

ದೊಡ್ಡ ಡಬ್ಬಿಗೆ ಕಲಸಿದೆ. ಹರೀಶ ಏನೂ ಹಾಸ್ಯ ಮಾಡಲಿಲ್ಲ, ಶುಂಠಿ ಹೆಚ್ಚಿ ಕೊಟ್ಟ. ಸೂರಿನಡಿಯ ಚೆಂಡು ಆಗಲೇ ಹಸಿರು ಕಳೆದುಕೊಳ್ಳುತ್ತಿತ್ತು. ಗೇಟಿನ ಹತ್ತಿರ ಹೋದವಳೇ, ರೂಢಿಯಂತೆ ಚೀಲವನ್ನು ಪರ್ಸಿಮನ್ ಕೊಂಬೆಗೆ ಸಿಕ್ಕಿಸಲು ಕೈ ಎತ್ತಿದೆ.

"ಬೇಡ" ಎಂದರು ನೆಗಿಶಿ ಸಾನ್. ಮುಖದಲ್ಲಿ ಮಾಸ್ಕಿತ್ತು, ಕಣ್ಣಲ್ಲಿ ಏನೂ ಇರಲಿಲ್ಲ. "ಒಳಗೆ ತನ್ನಿ. ಇನ್ನು ಕೆಡೋದಕ್ಕೆ ಒಳಗೆ ಏನೂ ಇಲ್ಲ."

ನನ್ನ ಕೈ ಕೊಂಬೆಯಲ್ಲೇ ನಿಂತಿತು. ಅವರೇ ಬಂದು ಚೀಲ ಬಿಡಿಸಿಕೊಂಡು ಮುಂದೆ ನಡೆದರು. ಮುಂಗೋಣೆ ದಾಟಿ, ಕೈ ತೊಳೆಯುವ ಜಾಗ ದಾಟಿ, ಉಗ್ರಾಣದ ಒಳಗೆ. ತೊಳೆದು ಮಗುಚಿಟ್ಟ ತೊಟ್ಟಿಗಳ ನಡುವೆ ಚಾಪೆ ಹಾಸಿದ್ದರು. ವಾಸನೆ ಪೂರ್ತಿ ಹೋಗಿತ್ತು, ಒದ್ದೆ ಹಲಗೆಯ ವಾಸನೆಯಷ್ಟೇ. ಇಬ್ಬರೂ ದೂರ ದೂರ ಕುಳಿತು ಮಾಸ್ಕು ತೆಗೆದೆವು. ಅವರು ಮೊದಲ ತುತ್ತು ಬಾಯಿಗಿಟ್ಟು ನಿಧಾನವಾಗಿ ಅಗಿದರು.

"ಒಳ್ಳೆ ಹುಳಿ. ಜೀವ ಇದೆ" ಎಂದರು. "ಇದು ನಿಮ್ಮ ಮನೇಲಿ ದಿನಾ ಹೀಗೇ ಬರುತ್ತಾ?"

"ಹೂಂ. ನಿನ್ನೆಯದನ್ನ ಸ್ವಲ್ಪ ಉಳಿಸಿ ಇವತ್ತಿನ ಹಾಲಿಗೆ ಹಾಕ್ತೀವಿ."

"ಹಾಗಾದ್ರೆ ಉಳಿಸೋದನ್ನ ಮರೀಬೇಡಿ" ಎಂದರು. ಆಗ ನಾನು ಅತ್ತೆ. ಮುಚ್ಚಿಟ್ಟುಕೊಳ್ಳಲು ಮಾಸ್ಕೂ ಇರಲಿಲ್ಲ. ಅವರು ಅಳಲಿಲ್ಲ. ಒಂದು ಅಗುಳೂ ಬಿಡದೆ ತಿಂದು ಮುಗಿಸಿ, ಖಾಲಿ ಡಬ್ಬಿಯನ್ನು ಹಿತ್ತಲಿಗೆ ಒಯ್ದರು. ಕೊಡಿ, ನಾನು ತೊಳೆಯುತ್ತೇನೆ ಎಂದು ಹಿಂದೆಯೇ ಓಡಿದೆ. ಕೊಡಲಿಲ್ಲ. ಮಂತ್ರಿಗಳು ಹೊಗಳಿದ ಆ ಬಾವಿಯಿಂದ ನೀರು ಸೇದಿ, ಮೊಸರಿನ ಡಬ್ಬಿಯನ್ನು ತಾವೇ ತೊಳೆದು, ಏಪ್ರನ್ನಿನಿಂದ ಒರೆಸಿ ನನ್ನ ಕೈಗಿಟ್ಟರು.